ಬರಿಗಾಲಿಗೆ ಆರಿಸಿದ ಟ್ರೆಡ್‌ಮಿಲ್

ಟ್ರೆಡ್‌ಮಿಲ್ ಮಾರುವ ಮೊದಲು ಗಿರಾಕಿಯ ಮನೆಗೆ ಹೋಗಿ ಜಾಗ ನೋಡಿ, ಅಳತೆ ತೆಗೆದುಕೊಂಡು ಬರುವುದು ನನ್ನ ಕೆಲಸ. ಇಂದಿರಾನಗರದ ನಮ್ಮ ಅಂಗಡಿಯಲ್ಲಿ ಇದಕ್ಕೆಂದೇ ಒಂದು ಹಾಳೆ ಇದೆ. ಅದರಲ್ಲಿ ಹದಿನಾರು ಪ್ರಶ್ನೆ. ಯಾರು ನಡೆಯುತ್ತಾರೆ, ತೂಕ ಎಷ್ಟು, ನಡಿಗೆಯೋ ಓಟವೋ, ಕಾಯಿಲೆ ಏನಾದರೂ ಇದೆಯೋ, ಹದಿನಾರು ಆಂಪಿನ ಪ್ಲಗ್ ಇದೆಯೋ, ಅರ್ತಿಂಗ್ ಸರಿ ಇದೆಯೋ, ಕೆಳಗಿನ ಮನೆಯಲ್ಲಿ ಬಾಡಿಗೆದಾರರು ಇದ್ದಾರೋ, ಹೀಗೆ. ಅಷ್ಟಕ್ಕೂ ಉತ್ತರ ತುಂಬಿಸಿದರೆ ಯಾವ ಮಷೀನು ಕೊಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಆ ಹಾಳೆಯನ್ನು ತಯಾರು ಮಾಡಿದವನು ನಾನೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಕೆ.ಆರ್. ಪುರದ ಆ ಮನೆಗೆ ಮೊದಲ ಸಲ ಹೋದಾಗ ಅಕ್ಕ ತೀರಿಕೊಂಡು ಒಂದು ತಿಂಗಳಾಗಿತ್ತು. ಚಿಕ್ಕಂದಿನಿಂದ ನನ್ನನ್ನು ಸಾಕಿದವಳು ಅವಳೇ. ಮರ್ಫಿ ಟೌನಿನ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಒಂದು ಬೆಳಿಗ್ಗೆ ಹಾಲು ಕಾಯಿಸಲು ಏಳಲಿಲ್ಲ, ಅಷ್ಟೇ. ಹೃದಯ ನಿಂತಿದೆ ಎಂದರು. ಹದಿಮೂರು ದಿನದ ಕಾರ್ಯ ಮುಗಿಸಿ ಮಾರನೇ ದಿನ ಅಂಗಡಿಗೆ ಹೋದೆ. ನನಗೆ ಅಳು ಬಂದಿರಲಿಲ್ಲ. ದುಃಖವಾಯಿತು ಎಂದು ಹೇಳಿದರೂ ಸುಳ್ಳಾಗುತ್ತದೆ. ಜನ ಆಡುವ ಮಾತು ಪಕ್ಕದ ಮನೆಯ ಟಿವಿ ಕೇಳಿಸಿದ ಹಾಗೆ ಕೇಳಿಸುತ್ತಿತ್ತು. ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ಎಡಗಾಲಿನ ಶೂಸಿನ ಹಿಮ್ಮಡಿಯಲ್ಲಿ ಒಂದು ಮೊಳೆ ಎದ್ದು ಚುಚ್ಚುತ್ತಿತ್ತು. ಅಕ್ಕ ಇದ್ದಿದ್ದರೆ ಅದೇ ದಿನ ಬೈದು ಹಲಸೂರು ಮಾರ್ಕೆಟ್ಟಿನ ಹತ್ತಿರ ಚಪ್ಪಲಿ ಹೊಲಿಯುವವನ ಬಳಿ ಕಳಿಸುತ್ತಿದ್ದಳು. ನಾನು ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೆ. ಕೆಲಸವೊಂದು ಮಾತ್ರ ಸಲೀಸಾಗಿ ನಡೆಯುತ್ತಿತ್ತು.

ಫೋನ್ ಮಾಡಿದ್ದು ಆ ಮನೆಯ ಮಗಳು. ಬ್ಯಾಂಕಿನಲ್ಲಿ ಕೆಲಸ, ಅಪ್ಪ ಅಮ್ಮನ ಜೊತೆಯಲ್ಲೇ ವಾಸ. ಅಪ್ಪನಿಗೆ ಶುಗರ್ ಏರಿದೆ, ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ, ರಸ್ತೆಯಲ್ಲಿ ಕಳಿಸಲು ಭಯ ಎಂದರು. ಹಳೇ ಊರಿನ ಬೀದಿ ಅದು. ಹಿಂದೆ ರಾಗಿ ಬೆಳೆಯುತ್ತಿದ್ದ ಕುಟುಂಬ, ಈಗ ಹೊಲವಿದ್ದ ಜಾಗದಲ್ಲಿ ಮೂರು ಬಾಡಿಗೆ ಕಟ್ಟಡ ಎದ್ದಿದೆ. ಮೊದಲ ಮಹಡಿಯ ಹಾಲಿನಲ್ಲಿ ಯಜಮಾನರು ಪಂಚೆ, ಬನಿಯನ್ನಿನಲ್ಲಿ ಕುಳಿತಿದ್ದರು. ಅರವತ್ತೈದು ದಾಟಿದ, ಎತ್ತರದ ಗಟ್ಟಿ ಆಳು.

ಟೇಪು ಹಿಡಿದು ಗೋಡೆ ಅಳೆಯುವಾಗ ಅವರೇ ಮಾತು ತೆಗೆದರು.

"ನೋಡಪ್ಪಾ, ನಮ್ಮ ಬೀದೀಲಿ ನನ್ನ ವಾರಿಗೆಯವನೊಬ್ಬ ಅವ್ನೆ. ಶುಗರ್ ಬಂದು ಕಾಲು ತೆಗ್ದವ್ರೆ. ಬೆಳಗಿಂದ ಸಂಜೆಗಂಟ ಗೇಟಿನ ಹತ್ರ ಕುರ್ಚೀಲಿ ಕೂತಿರ್ತಾನೆ. ಹೋಗೋ ಬರೋರನ್ನೆಲ್ಲ ಟೈಮೆಷ್ಟು ಅಂತ ಕೇಳ್ತಾನೆ. ನಾನು ಹಂಗೆ ಕೂರೋನಲ್ಲ. ಅದಕ್ಕೇ ಈ ಮಷೀನು."

"ಆಯ್ತು ಯಜಮಾನ್ರೇ," ಎಂದು ನಾನು ನಾಲ್ಕನೇ ಪ್ರಶ್ನೆಯ ಮುಂದೆ 'ಶುಗರ್' ಎಂದು ಬರೆದೆ. ನಮ್ಮ ಗಿರಾಕಿಗಳಲ್ಲಿ ಶುಗರ್ ಇಲ್ಲದವರೇ ಕಡಿಮೆ. ಬರೆದು ಐದನೇ ಪ್ರಶ್ನೆಗೆ ಹೋದೆ.

ಮೊದಲ ತಕರಾರು ದಿಕ್ಕಿನದು. ನಡೆಯುವವರ ಮುಖ ಪೂರ್ವಕ್ಕೇ ಇರಬೇಕು ಎಂದು ಮನೆಯ ಅಮ್ಮ ಪಟ್ಟು ಹಿಡಿದರು. ಹಾಗೆ ಇಟ್ಟರೆ ಮಷೀನಿನ ಹಿಂಭಾಗ ಗೋಡೆಗೆ ಅಂಟುತ್ತಿತ್ತು. ಹಿಂದೆ ಆರಡಿ ಖಾಲಿ ಬಿಡಲೇಬೇಕು. ನಡೆಯುವವರು ಎಡವಿ ಬಿದ್ದರೆ ಬೆಲ್ಟು ಅವರನ್ನು ಹಿಂದಕ್ಕೆ ಎಸೆಯುತ್ತದೆ, ಗೋಡೆ ಇದ್ದರೆ ಮಧ್ಯೆ ಸಿಕ್ಕಿಕೊಳ್ಳುತ್ತಾರೆ, ಬೆಲ್ಟು ತಿರುಗುತ್ತಲೇ ಇರುತ್ತದೆ. ಇದನ್ನು ಹೇಳಿದ ಮೇಲೆ ಶೋಕೇಸು ಅಡುಗೆಮನೆಯ ಪಕ್ಕಕ್ಕೆ ಹೋಯಿತು, ಜಾಗ ಸಿಕ್ಕಿತು, ಮುಖ ಪೂರ್ವಕ್ಕೇ ಉಳಿಯಿತು. ಅಮ್ಮನಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು.

ಎರಡನೆಯದು ಮಗಳದು. ಅವರಿಗೆ ಓಡುವ ಆಸೆ. ಒಂದೇ ಮಷೀನಿನಲ್ಲಿ ಅಪ್ಪ ನಡೆಯಲಿ, ತಾನು ಓಡುತ್ತೇನೆ ಎಂದರು. ಇದು ಬಹಳ ಮನೆಗಳಲ್ಲಿ ಬರುವ ಮಾತು. ಓಡುವ ಮಷೀನಿಗೆ ಮೋಟಾರು ದೊಡ್ಡದು ಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಹಾರ್ಸ್ ಪವರ್ ಒಂದು ಕ್ಷಣ ಎಳೆಯುವ ಶಕ್ತಿ. ಗಂಟೆಗಟ್ಟಲೆ ಎಳೆಯುವ ಶಕ್ತಿ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ, ನೋಡಬೇಕಾದದ್ದು ಅದನ್ನು. ಓಟಕ್ಕೆ ಬೆಲ್ಟು ಉದ್ದವಿರಬೇಕು, ಅಗಲವಿರಬೇಕು. ಅಂಥ ಮಷೀನಿನ ಹಲಗೆ ನೆಲದಿಂದ ಒಂಬತ್ತು ಹತ್ತು ಇಂಚು ಮೇಲಿರುತ್ತದೆ, ಹಿಡಿಕೆ ಗಿಡ್ಡವಿರುತ್ತದೆ. ನಡೆಯುವವರಿಗೆ ಬೇಕಾದದ್ದು ಬೇರೆ. ತಗ್ಗಿನ ಹಲಗೆ, ಎರಡೂ ಕಡೆ ಉದ್ದಕ್ಕೆ ಬರುವ ಹಿಡಿಕೆ, ಗಂಟೆಗೆ ಒಂದು ಕಿಲೋಮೀಟರಿಗಿಂತಲೂ ನಿಧಾನವಾಗಿ ಶುರುವಾಗುವ ಬೆಲ್ಟು. ಇಬ್ಬರಿಗೂ ಆಗುತ್ತದೆ ಎಂದು ಒಂದನ್ನು ಕೊಟ್ಟರೆ ಕೊನೆಗೆ ಒಗೆದ ಬಟ್ಟೆ ಒಣಗಿಸಲು ಆಗುತ್ತದೆ.

"ಅಂಗಡಿಗೆ ಬನ್ನಿ, ಯಜಮಾನ್ರು ಎರಡನ್ನೂ ಹತ್ತಿ ನೋಡ್ಲಿ," ಎಂದೆ.

ಶನಿವಾರ ಬಂದರು. ಕಾರಿನಿಂದ ಇಳಿದು ಅಂಗಡಿಯ ಮೆಟ್ಟಿಲು ಹತ್ತುವಾಗ ಯಜಮಾನರ ಬಲಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವರು ಒಂದೇ ಚಪ್ಪಲಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದುಬಿಟ್ಟಿದ್ದರು. ಮಗಳು ನಗುತ್ತಾ ಅದನ್ನು ಎತ್ತಿಕೊಂಡು ಬಂದರು. ಆಮೇಲೆ ಓಡುವ ಮಷೀನು ಹತ್ತುವಾಗ ಹೆಬ್ಬೆರಳು ಹಲಗೆಯ ಅಂಚಿಗೆ ಟಪ್ಪೆಂದು ತಗುಲಿತು. ನಮ್ಮ ಓನರ್ 'ಅಯ್ಯಯ್ಯೋ' ಎಂದರು. ಯಜಮಾನರು ಏನೂ ಅನ್ನಲಿಲ್ಲ, ಕೆಳಗೆ ನೋಡಲೂ ಇಲ್ಲ. ಗಟ್ಟಿ ಮನುಷ್ಯ ಎಂದುಕೊಂಡೆ. ಈ ಎರಡನ್ನೂ ನಾನು ಕಣ್ಣಾರೆ ಕಂಡೆ. ಕಂಡದ್ದು ಅಲ್ಲೇ ಬಿದ್ದು ಹೋಯಿತು.

ಹಲಗೆ ಎತ್ತರವಾಯಿತು ಎಂದು ಮಾತ್ರ ಬರೆದುಕೊಂಡೆ. ಓನರ್ ದೊಡ್ಡ ಪರದೆಯ ಓಡುವ ಮಷೀನನ್ನೇ ಮುಂದೆ ತಳ್ಳುತ್ತಿದ್ದರು. ನಾನು ಮಗಳನ್ನು ಪಕ್ಕಕ್ಕೆ ಕರೆದೆ.

"ಮೇಡಂ, ನೀವು ಓಡ್ಬೇಕು ಅಂದ್ರೆ ಪಾರ್ಕ್ ಇದೆ, ಗ್ರೌಂಡ್ ಇದೆ. ಅವ್ರಿಗೆ ಇದೊಂದೇ ದಾರಿ. ಅವ್ರಿಗೆ ಏನು ಬೇಕೋ ಅದನ್ನ ತಗೊಳ್ಳಿ."

ಅವರು ಒಂದು ನಿಮಿಷ ಯೋಚಿಸಿ ಒಪ್ಪಿದರು. ತಗ್ಗಿನ ಹಲಗೆಯ, ಉದ್ದ ಹಿಡಿಕೆಯ ನಡಿಗೆಯ ಮಷೀನು ಆಯ್ಕೆಯಾಯಿತು. ಸರಿಯಾದ ಆಯ್ಕೆಯೇ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಮಷೀನು ಇಳಿಸಿದ್ದು ಶುಕ್ರವಾರ. ನಾನೂ ಅಂಗಡಿಯ ಹುಡುಗನೂ ಕಾಲಿನದನ್ನು ಕೆಳಗೆ ಬಿಟ್ಟು ಮೇಲೆ ಹೋದೆವು. ಮನೆಯೊಳಗೆ ಯಾರೂ ಶೂಸು ಹಾಕಿಕೊಂಡು ಹೋಗುವುದಿಲ್ಲವಲ್ಲ. ಜೋಡಿಸಿ, ಮಟ್ಟ ನೋಡಿ, ಬೆಲ್ಟಿನ ಬಿಗಿ ಸರಿಮಾಡಿ, ಅಡಿಗೆ ಸಿಲಿಕೋನ್ ಎಣ್ಣೆ ಬಿಟ್ಟೆವು. ಅಷ್ಟರಲ್ಲಿ ಅಮ್ಮ ತಟ್ಟೆ ಹಿಡಿದು ಬಂದರು. ಹೊಸ ಗಾಡಿಗೆ ಮಾಡುವ ಹಾಗೆ ಅರಿಶಿನ, ಕುಂಕುಮ, ಹೂವು, ಅಕ್ಷತೆ, ಕರ್ಪೂರ ಎಲ್ಲವೂ ಇತ್ತು. ಬೆಲ್ಟಿನ ಮೇಲೆ ನಿಂಬೆಹಣ್ಣು ಇಟ್ಟು ಸ್ವಿಚ್ ಹಾಕಲು ಹೊರಟಾಗ ತಡೆದೆ.

"ಅಮ್ಮ, ರಸ ಒಳಗಡೆ ಹೋದ್ರೆ ವಾರಂಟಿ ಹೋಗುತ್ತೆ. ಮುಂದ್ಗಡೆ ಚಕ್ರದ ಕೆಳಗಿಡಿ."

ಚಕ್ರದ ಕೆಳಗೆ ಇಟ್ಟರು. ಪೂಜೆಯಾಯಿತು. ಯಜಮಾನರು ಹಿಡಿಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹತ್ತುವ ಮೊದಲು ನನ್ನತ್ತ ತಿರುಗಿ ಕೇಳಿದರು:

"ಶೂಸು ಗೀಸು ಹಾಕ್ಕೋಬೇಕೇನಪ್ಪಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: "ಪೂಜೆ ಮಾಡಿರೋದ್ರ ಮೇಲೆ ಮೆಟ್ಟು ಹಾಕ್ಕೊಂಡು ಹತ್ತದುಂಟಾ?"

ಇಬ್ಬರೂ ನನ್ನ ಮುಖ ನೋಡಿದರು. ಆಗ ನಾನು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. "ಪರ್ವಾಗಿಲ್ಲ ಯಜಮಾನ್ರೇ, ನಡೆಯೋದು ತಾನೇ, ಓಡೋದೇನಲ್ವಲ್ಲ. ನಾನೂ ಬರಿಗಾಲಲ್ಲೇ ತೋರಿಸ್ತಿಲ್ವಾ?"

ಮಷೀನಿನ ಜೊತೆ ಬರುವ ಪುಸ್ತಕದ ಮೊದಲ ಪುಟದಲ್ಲೇ ಶೂಸಿನ ಮಾತಿದೆ. ಆ ಪುಸ್ತಕವನ್ನು ನಾನೇ ಟಿವಿಯ ಕೆಳಗಿನ ಡ್ರಾಯರಿನಲ್ಲಿ ಇಟ್ಟೆ. ಉಳಿದದ್ದನ್ನೆಲ್ಲ ಚೆನ್ನಾಗಿ ಹೇಳಿಕೊಟ್ಟೆ. ಕೆಂಪು ಕೀಲಿಯ ದಾರದ ಕ್ಲಿಪ್ಪನ್ನು ಪಂಚೆಗೆ ಸಿಕ್ಕಿಸಬೇಡಿ, ಬಿದ್ದರೆ ಕೀಲಿಯ ಬದಲು ಪಂಚೆ ಕಳಚುತ್ತದೆ, ಬನಿಯನ್ನಿಗೆ ಸಿಕ್ಕಿಸಿ ಎಂದೆ. ಕೀಲಿ ಕಿತ್ತುಬಂದ ಕೂಡಲೇ ಬೆಲ್ಟು ನಿಲ್ಲುತ್ತದೆ, ಕೀಲಿ ಇಲ್ಲದೆ ಮಷೀನು ಶುರುವಾಗುವುದೇ ಇಲ್ಲ ಎಂದು ತೋರಿಸಿದೆ. ಪಂಚೆಯನ್ನು ಮೊಣಕಾಲಿನ ತನಕ ಮಡಿಸಿ ಕಟ್ಟಿಸಿದೆ. ಅಮ್ಮ ಎಲೆಯಡಿಕೆ ಕೊಟ್ಟರು.

ಎರಡೂವರೆ ವಾರದ ಮೇಲೆ ಮಗಳ ಫೋನು ಬಂತು. "ಬೆಲ್ಟ್ ಮೇಲೆ ಒಂಥರಾ ಕಂದು ಕಲೆ ಆಗಿದೆ ರೀ. ಎಣ್ಣೆ ಲೀಕ್ ಆಗ್ತಿದೆ ಅನ್ಸುತ್ತೆ. ನಾನು ಡ್ಯೂಟೀಲಿರ್ತೀನಿ, ಅಪ್ಪ ಅಮ್ಮ ಇರ್ತಾರೆ, ಬಂದು ನೋಡ್ತೀರಾ?"

ಹೋದೆ. ಯಜಮಾನರು ಖುಷಿಯಲ್ಲಿದ್ದರು. ಹತ್ತು ನಿಮಿಷದಿಂದ ಮೂವತ್ತಕ್ಕೆ ಏರಿದ್ದರು, ಶುಗರ್ ಇಳಿದಿತ್ತು. ನಾನು ಬರುವ ಹೊತ್ತಿಗೆ ಅವತ್ತಿನದು ಹತ್ತು ನಿಮಿಷ ಮುಗಿಸಿ ನಿಲ್ಲಿಸಿದ್ದರು. ಮೋಟಾರಿನ ಮುಚ್ಚಳ ಬಿಚ್ಚಿ ನೋಡಿದೆ, ಒಣಗಿಯೇ ಇತ್ತು. ಬೆಲ್ಟು ಎತ್ತಿ ಹಲಗೆ ಮುಟ್ಟಿದೆ, ಎಣ್ಣೆ ಬೇಕಾದಷ್ಟೇ ಇತ್ತು. ಸಿಲಿಕೋನ್ ಎಣ್ಣೆಗೆ ಬಣ್ಣವಿಲ್ಲ. ಅದು ಸೋರಿದರೆ ಹೊಳಪು ಕಾಣುತ್ತದೆ, ಕಲೆಯಾಗುವುದಿಲ್ಲ. ಕಲೆ ಇದ್ದದ್ದು ಬೆಲ್ಟಿನ ಬಲಗಡೆ ಮಾತ್ರ, ಚಿಕ್ಕ ಚಿಕ್ಕ ಒತ್ತುಗಳು, ಒಂದರ ಮೇಲೊಂದು ಬಿದ್ದು ಪಟ್ಟಿಯಾಗಿತ್ತು. ಬಿಳಿ ಬಟ್ಟೆ ಒದ್ದೆ ಮಾಡಿ ಒರೆಸಿದೆ. ಬಟ್ಟೆ ಕೆಂಪಾಯಿತು.

ಅದು ರಕ್ತ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದು ನನಗೆ ಎಲ್ಲಿಯೂ ತಟ್ಟಲಿಲ್ಲ.

"ಯಜಮಾನ್ರೇ, ಕಾಲಿಗೇನಾದ್ರೂ ಗಾಯ ಆಗಿದ್ಯಾ?"

"ಇಲ್ವಲ್ಲಪ್ಪ. ಒಂಚೂರೂ ನೋವಿಲ್ಲ."

"ಸರಿ," ಎಂದೆ. ಬೆಲ್ಟನ್ನು ಪೂರ್ತಿ ಒರೆಸಿದೆ. ಸರ್ವಿಸ್ ಹಾಳೆಯಲ್ಲಿ 'ಕಲೆ ಒರೆಸಲಾಗಿದೆ, ಯಂತ್ರ ಸರಿ ಇದೆ' ಎಂದು ಬರೆದು ಸಹಿ ಹಾಕಿಸಿಕೊಂಡು ಕೆಳಗಿಳಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹೀಗೇ.

ಕೆಳಗಿನ ಮೆಟ್ಟಿಲಲ್ಲಿ ಕುಳಿತು ಶೂಸಿಗೆ ಎಡಗಾಲು ತೂರಿಸಿದಾಗ ಮೊಳೆ ಚುಚ್ಚಿತು. ದಿನಾ ಚುಚ್ಚುತ್ತಿದ್ದ ಹಾಗೆಯೇ ಚುಚ್ಚಿತು. ನಾನು ದಿನಾ ಮಾಡುವ ಹಾಗೆ ಹಿಮ್ಮಡಿಯನ್ನು ಓರೆ ಮಾಡಿಕೊಂಡೆ. ಹಾಗೆ ಮಾಡಿಕೊಂಡಾಗ, ಇದು ಚುಚ್ಚುತ್ತಿದೆ ಎಂದಾದರೂ ನನಗೆ ಗೊತ್ತಾಗುತ್ತಿದೆ, ಮೇಲಿರುವ ಮನುಷ್ಯನಿಗೆ ಅದೂ ಇಲ್ಲ ಎಂದು ಹೊಳೆಯಿತು. ಅಂಗಡಿಯ ಮೆಟ್ಟಿಲ ಮೇಲೆ ಉಳಿದ ಚಪ್ಪಲಿ, ಅಂಚಿಗೆ ತಗುಲಿದ ಹೆಬ್ಬೆರಳು, ನಾನು ಬರೆದುಕೊಂಡ 'ಶುಗರ್' ಎಲ್ಲವೂ ಒಟ್ಟಿಗೆ ಬಂದು ಕುಳಿತವು. ಶೂಸು ಕಿತ್ತೆಸೆದು ಮತ್ತೆ ಮೇಲೆ ಹತ್ತಿದೆ.

ಯಜಮಾನರು ಅಷ್ಟರಲ್ಲಿ ಮಷೀನಿನ ಮೇಲೆ ನಿಂತು ಸ್ವಿಚ್ಚಿಗೆ ಕೈ ಹಾಕಿದ್ದರು.

"ಇಳೀರಿ. ಕಾಲು ತೋರ್ಸಿ."

"ಯಾಕಪ್ಪಾ, ಏನಾಯ್ತು?"

"ಇಳೀರಿ ಯಜಮಾನ್ರೇ, ದಯವಿಟ್ಟು."

ಕುರ್ಚಿಯಲ್ಲಿ ಕೂರಿಸಿ ಬಲಪಾದ ಎತ್ತಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ಅಗಲಕ್ಕೆ ಚರ್ಮ ಸುಲಿದು ಸುರುಳಿ ಸುತ್ತಿಕೊಂಡಿತ್ತು. ಒಳಗೆ ಹಸಿ ಮಾಂಸ, ಅಂಚಿನಲ್ಲಿ ಕಪ್ಪು. ಬೆಲ್ಟು ಉಜ್ಜಿ ಉಜ್ಜಿ ಬಿಸಿಯಾಗಿ ಬೊಬ್ಬೆ ಎದ್ದಿದೆ, ಒಡೆದಿದೆ, ಅದರ ಮೇಲೆಯೇ ದಿನಾ ಅರ್ಧ ಗಂಟೆ ನಡೆದಿದ್ದಾರೆ.

ಅವರು ಬಗ್ಗಿ ನೋಡಿದರು. "ಅರೆ, ಇದ್ಯಾವಾಗಾಯ್ತು?" ಎಂದರು, ಬೇರೆ ಯಾರದೋ ಕಾಲು ನೋಡುವ ಹಾಗೆ. "ಮೂರ್ನಾಲ್ಕು ವರ್ಷದಿಂದ ಪಾದ ಜೋಮು ಹಿಡ್ದು ಹತ್ತಿ ರಾಶಿ ಮೇಲೆ ನಿಂತಂಗಿರುತ್ತಪ್ಪ. ಅಭ್ಯಾಸ ಆಗೋಯ್ತು."

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ನೆಲದ ಮೇಲೆ ದಿನಾ ಕೆಂಪಗೆ ಕಾಣೋದು," ಎಂದರು. "ಪೂಜೆ ಕುಂಕುಮ ಅಂದ್ಕೊಂಡು ಒರೆಸ್ತಿದ್ದೆ ಕಣಪ್ಪ. ದಿನಾ ಒರೆಸ್ತಿದ್ದೆ."

ನಾನು ಮಷೀನಿನ ಕೆಂಪು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

"ಏಯ್, ಇಡೋ ಅದನ್ನ!" ಯಜಮಾನರು ಎದ್ದು ನಿಂತರು. "ಇವತ್ತಿಂದು ಇನ್ನೂ ಇಪ್ಪತ್ತು ನಿಮಿಷ ಬಾಕಿ ಐತೆ. ನಡೀದಿದ್ರೆ ಕಾಲು ಹೋಗುತ್ತೆ ಅಂತ ಡಾಕ್ಟ್ರೇ ಹೇಳವ್ರೆ."

"ನಡೆದ್ರೂ ಹೋಗುತ್ತೆ ಯಜಮಾನ್ರೇ. ಈಗ ಆಸ್ಪತ್ರೆಗೆ ಹೋಗಿ."

"ನನ್ನ ಮನೆ ಮಷೀನಿನ ಕೀಲಿ ಕಿತ್ಕೊಂಡು ಹೋಗಕ್ಕೆ ನೀನ್ಯಾವೋನೋ?"

ಮಗಳಿಗೆ ಫೋನ್ ಮಾಡಿದೆ. ಅವರು ಬ್ಯಾಂಕಿನಿಂದ ಆಟೋದಲ್ಲಿ ಬರುವ ತನಕ ಅಲ್ಲೇ ನಿಂತಿದ್ದೆ. ಯಜಮಾನರು ಆ ಮುಕ್ಕಾಲು ಗಂಟೆ ನನ್ನನ್ನು ಬೈಯುತ್ತಲೇ ಇದ್ದರು. ಅಪ್ಪನನ್ನು ಕರೆದುಕೊಂಡು ಹೊರಡುವ ಮೊದಲು ಮಗಳಿಗೂ ನನ್ನ ಮೇಲೆ ಕೋಪವಿತ್ತು. ಕೀಲಿ ಕೊಡಿ ಎಂದರು, ಕೊಡಲಿಲ್ಲ. ಅದು ಮನೆಯಲ್ಲಿದ್ದರೆ ಅವರು ಹತ್ತಿಯೇ ಹತ್ತುತ್ತಾರೆ ಎಂದೆ.

ಅಂಗಡಿಗೆ ಬರುವಷ್ಟರಲ್ಲಿ ದೂರು ನನಗಿಂತ ಮೊದಲೇ ತಲುಪಿತ್ತು.

"ಮಗಾ, ಕಸ್ಟಮರ್ ಮನೆಯಿಂದ ಕೀ ಕಿತ್ಕೊಂಡ್ ಬಂದಿದೀಯಂತೆ? ತಲೆಗಿಲೆ ಕೆಟ್ಟಿದ್ಯಾ?" ಎಂದರು ಓನರ್.

ನಡೆದದ್ದು ಹೇಳಿದೆ. ಕೊನೆಯಲ್ಲಿ, "ಮೊದಲ ದಿನ ಬರಿಗಾಲಲ್ಲಿ ಹತ್ತಿ ಪರ್ವಾಗಿಲ್ಲ ಅಂದೋನು ನಾನೇ," ಎಂದೆ.

ಓನರ್ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇದನ್ನ ಇಲ್ಲಿಗೇ ಬಿಟ್ಬಿಡು ಗುರು. ಬುಕ್ಕಲ್ಲಿ ಶೂಸ್ ಹಾಕಿ ಅಂತ ಇದೆ, ಅವ್ರು ಓದಿಲ್ಲ. ಅಷ್ಟೇ."

ಅದು ಸುಲಭವಾಗಿತ್ತು. ಆ ಮನೆಯಲ್ಲಿ ಯಾರಿಗೂ ನನ್ನ ಮಾತು ನೆನಪಿರಲಿಲ್ಲ, ಅವರಿಗೆ ನೆನಪಿದ್ದದ್ದು ಪೂಜೆ ಮಾತ್ರ. ಅಮ್ಮ ತಪ್ಪು ತನ್ನದೇ ಎಂದುಕೊಂಡು ಕೊರಗುತ್ತಿದ್ದರು. ನಾನು ಸುಮ್ಮನಿದ್ದರೆ ಆ ತಪ್ಪು ಅವರ ಮೇಲೆಯೇ ಉಳಿಯುತ್ತಿತ್ತು. ಎರಡು ದಿನ ಸುಮ್ಮನೆಯೇ ಇದ್ದೆ. ಕೀಲಿಯನ್ನು ಮನೆಯಲ್ಲಿ ಅಕ್ಕನ ಬೀಗದ ಕೈ ನೇತಾಡುವ ಮೊಳೆಗೆ ಹಾಕಿದ್ದೆ. ಬೆಳಿಗ್ಗೆ ಬಾಗಿಲು ಹಾಕುವಾಗ, ಸಂಜೆ ತೆಗೆಯುವಾಗ ಅದೇ ಕಣ್ಣಿಗೆ ಬೀಳುತ್ತಿತ್ತು. ಮೂರನೇ ದಿನ ಆಸ್ಪತ್ರೆಗೆ ಹೋದೆ. ಮಗಳು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು.

"ಮೇಡಂ, ಪೂಜೆ ದಿನ ಅವ್ರು ಶೂಸು ಬೇಕಾ ಅಂತ ನನ್ನನ್ನ ಕೇಳಿದ್ರು. ಬೇಡ ಅಂದಿದ್ದು ನಾನು. ಅಮ್ಮನ ತಪ್ಪಲ್ಲ ಇದು."

ಅವರು ಮಡಿಲಲ್ಲಿದ್ದ ಆಸ್ಪತ್ರೆಯ ಚೀಟಿಗಳನ್ನು ಮಡಚಿ ಚೀಲಕ್ಕೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದು ವಾರ ಬಿಟ್ಟಿದ್ರೆ ಹೆಬ್ಬೆರಳು ತೆಗೀಬೇಕಾಗ್ತಿತ್ತು ಅಂದ್ರು," ಎಂದರು ಆಮೇಲೆ. "ಅಲ್ಲಿಂದ ಮೇಲಕ್ಕೆ ಹೋಗುತ್ತಂತೆ. ನಾನು ಒಂದೇ ಮನೇಲಿದೀನಿ ರೀ. ಅಪ್ಪನ ಪಾದ ಹೆಂಗಿದೆ ಅಂತ ಒಂದ್ಸಲಾನೂ ನೋಡಿಲ್ಲ." ವಾರ್ಡಿನ ಬಾಗಿಲು ತೋರಿಸಿ, "ಅಮ್ಮಂಗೆ ನೀವೇ ಹೇಳಿ," ಎಂದರು.

ಅಮ್ಮನಿಗೂ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನೀನಾದ್ರೂ ಬಂದು ಹೇಳ್ದೆ," ಎಂದರು.

ಗಾಯ ಮಾಯಲು ಏಳು ವಾರ ಹಿಡಿಯಿತು. ಬೆರಳು ಉಳಿಯಿತು. ಆ ಏಳು ವಾರ ಯಜಮಾನರು ಕಾಲು ಚಾಚಿಕೊಂಡು ಕುರ್ಚಿಯಲ್ಲೇ ಕುಳಿತಿದ್ದರು. ಮತ್ತೆ ನಡೆಯಬಹುದು ಎಂದ ಡಾಕ್ಟರು ಮೂರು ಮಾತು ಹೇಳಿದ್ದರು. ಹತ್ತೇ ನಿಮಿಷ ನಡೆಯಬೇಕು, ಕಾಲಿಗೆ ಹೊಂದುವ ಮೆತ್ತನೆಯ ಶೂಸು ಇರಲೇಬೇಕು, ಪ್ರತಿ ಸಲ ಪಾದ ನೋಡಬೇಕು.

ಶೂಸಿನ ಜವಾಬ್ದಾರಿ ನಾನು ತೆಗೆದುಕೊಂಡೆ. ಮಗಳು ಅಪ್ಪನ ಪಾದವನ್ನು ಹಾಳೆಯ ಮೇಲೆ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟಿದ್ದರು. ಮೊದಲು ಕಮರ್ಷಿಯಲ್ ಸ್ಟ್ರೀಟಿನಲ್ಲಿ ನೋಡಿದೆ, ಎಲ್ಲವೂ ಮುಂದುಗಡೆ ಕಿರಿದು. ಕೊನೆಗೆ ಶಿವಾಜಿನಗರದ ಒಳಗಲ್ಲಿಯಲ್ಲಿ, ಕಾಲು ಸೊಟ್ಟಗಿರುವವರಿಗೆ, ಶುಗರಿನವರಿಗೆ ಶೂಸು ಮಾಡಿಕೊಡುವ ಒಬ್ಬ ಭಾಯ್ ಸಿಕ್ಕರು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಗಾಯ ಎಲ್ಲಿತ್ತು? ಗುರ್ತು ಹಾಕಿ ಕೊಡಿ," ಎಂದರು. ಹಾಕಿದೆ. "ಅಲ್ಲಿ ಒಳಗಡೆ ರಬ್ಬರು ಕೊರೆದು ತಗ್ಗು ಮಾಡ್ತೀನಿ. ಒಳಗೆ ಒಂದೂ ಹೊಲಿಗೆ ಬರಲ್ಲ, ಒಂದೂ ಮೊಳೆ ಇರಲ್ಲ. ಆದ್ರೆ ಭಾಯ್, ಹಾಕೋಕ್ ಮುಂಚೆ ದಿನಾ ಕೈ ಹಾಕಿ ನೋಡ್ಬೇಕು. ಅವ್ರ ಕಾಲು ಹೇಳಲ್ಲ. ಕೈ ಹೇಳುತ್ತೆ."

ಉಳಿದದ್ದು ಅಮ್ಮನ ಮಾತು. ಪೂಜೆ ಮಾಡಿದ ಮಷೀನಿನ ಮೇಲೆ ಮೆಟ್ಟು ಹೇಗೆ ಏರಿಸುವುದು? ಡಾಕ್ಟರು ಹೇಳಿದ್ದಾರೆ ಎಂದರೆ ಒಪ್ಪುತ್ತಿದ್ದರು, ಆದರೆ ಮನಸ್ಸು ಕುಟುಕುತ್ತಲೇ ಇರುತ್ತಿತ್ತು. ಶೂಸನ್ನು ನಮ್ಮ ಅಂಗಡಿಯಲ್ಲಿ ಬಿಡಿಭಾಗ ಬರುವ ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡು ಹೋದೆ. ಬೀದಿಯ ನೆಲ ಮುಟ್ಟದ, ಹೊಸ ಶೂಸು.

"ಅಮ್ಮ, ಇದು ಮೆಟ್ಟಲ್ಲ. ಮಷೀನಿಂದೇ ಒಂದು ಭಾಗ. ಮೊದಲ ದಿನಾನೇ ಜೋಡಿಸ್ಬೇಕಿತ್ತು, ನಾನು ಮರ್ತಿದ್ದೆ. ಹೊರಗಡೆ ಹಾಕಂಗಿಲ್ಲ, ಇದರ ಮೇಲೆ ಮಾತ್ರ."

ಅವರು ಡಬ್ಬಿಯನ್ನು, ನನ್ನ ಮುಖವನ್ನು ಒಂದೆರಡು ಸಲ ನೋಡಿದರು. ನಾನು ಏನು ಮಾಡುತ್ತಿದ್ದೇನೆ ಎಂದು ಅವರಿಗೆ ತಿಳಿಯದೇ ಇರಲಿಲ್ಲ.

"ಹಂಗಾದ್ರೆ ಇದಕ್ಕೂ ಆಗ್ಬೇಕಲ್ಲ," ಎಂದು ಒಳಗೆ ಹೋಗಿ ತಟ್ಟೆ ತಂದರು. ಎರಡೂ ಶೂಸಿನ ಮೂತಿಗೆ ಕುಂಕುಮ ಇಟ್ಟು ಅಕ್ಷತೆ ಹಾಕಿದರು. ಮಗಳು ನಗು ತಡೆಯಲಾರದೆ ಅಡುಗೆಮನೆಗೆ ಹೋದರು.

ಯಜಮಾನರು ಇಷ್ಟು ಹೊತ್ತೂ ನನ್ನ ಜೊತೆ ಮಾತಾಡಿರಲಿಲ್ಲ. ಈಗ ಶೂಸು ಎತ್ತಿ ನನ್ನ ಕೈಗೆ ಕೊಟ್ಟರು. "ನೋಡಪ್ಪಾ ಒಳಗೆ. ನನ್ನ ಕಾಲಿಗೆ ಗೊತ್ತಾಗಲ್ಲ."

ಕೈ ಹಾಕಿ ತಡವಿದೆ. ಬಲಗಡೆಯದರ ತುದಿಯಲ್ಲಿ, ಬೆರಳು ಕೂರುವ ಜಾಗದಲ್ಲಿ, ಏನೋ ಚೂಪಾಗಿ ತಗುಲಿತು. ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಅಕ್ಷತೆಯ ಒಂದು ಅಕ್ಕಿಕಾಳು. ಅಮ್ಮ ಅದನ್ನು ನೋಡಿ ಬಾಯಿ ಮುಚ್ಚಿಕೊಂಡರು. ಯಜಮಾನರು ಜೋರಾಗಿ ನಕ್ಕರು. ಆ ನಗುವಿನಲ್ಲಿ ನನ್ನ ಮೇಲಿನ ಕೋಪ ಹೋಯಿತು.

ಕೀಲಿ ಕೊಟ್ಟೆ. ಅವರೇ ಬನಿಯನ್ನಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಪೂರ್ವಕ್ಕೆ ಮುಖ ಮಾಡಿ ನಿಂತರು. ಅತ್ಯಂತ ನಿಧಾನದಲ್ಲಿ ಹತ್ತು ನಿಮಿಷ ನಡೆದರು. ಮುಗಿದ ಮೇಲೆ ಕುರ್ಚಿಯಲ್ಲಿ ಕುಳಿತು ಶೂಸು ಬಿಚ್ಚಿದರು. ಅಮ್ಮ ಕನ್ನಡಕ ಹಾಕಿಕೊಂಡು, ಟಾರ್ಚು ಹಿಡಿದು, ನೆಲದ ಮೇಲೆ ಕುಳಿತು ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಬೆರಳ ಸಂದಿ ಬಿಡಿಸಿ ಬಿಡಿಸಿ ನೋಡಿದರು.

"ಏನೂ ಇಲ್ಲ," ಎಂದರು. ಮತ್ತೊಂದು ಸಲ ನೋಡಿ, "ಏನೂ ಇಲ್ಲ," ಎಂದರು.

ನಾನು ಚೀಲ ಹೆಗಲಿಗೇರಿಸಿ ಬಾಗಿಲ ಕಡೆಗೆ ನಡೆದೆ. ಹಿಂದಿನಿಂದ ಅಮ್ಮ ಕೂಗಿದರು.

"ನಿಲ್ಲಪ್ಪಾ. ನಿಂದೂ ತೋರ್ಸು."

"ನಂದೇನಮ್ಮ?"

"ಕಾಲು. ಮಷೀನು ಇಳಿಸಿದ ದಿನದಿಂದ ನೋಡ್ತಿವ್ನಿ, ಎಡಗಾಲು ಎಳೀತೀಯ. ಬಾ ಇಲ್ಲಿ, ಕೂತ್ಕೋ."

ಬೇಡ ಎಂದೆ. ಅವರು ಟಾರ್ಚು ಆರಿಸದೆ ಕಾಯುತ್ತಾ ಕುಳಿತಿದ್ದರು. ಹೋಗಿ ಕುರ್ಚಿಯಲ್ಲಿ ಕುಳಿತು ಎಡಗಾಲು ಚಾಚಿದೆ. ಹಿಮ್ಮಡಿಯಲ್ಲಿ ಮೊಳೆ ಚುಚ್ಚಿ ಚುಚ್ಚಿ ಆದ ತೂತು, ಸುತ್ತಲೂ ಗಟ್ಟಿಯಾದ ಚರ್ಮ. ಅವರು ಹೆಬ್ಬೆರಳಿನಿಂದ ಅದರ ಪಕ್ಕ ಒತ್ತಿದರು.

"ನೋಯ್ತದಾ?"

ಮೂರೂವರೆ ತಿಂಗಳಿನಿಂದ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವವಳು ಒಬ್ಬಳೇ ಇದ್ದಳು. ಹೌದು ಎನ್ನಲು ಬಾಯಿ ತೆರೆದೆ, ಮಾತಿನ ಬದಲು ಅಳು ಬಂತು. ಯಜಮಾನರು ಎದ್ದು ಕಿಟಕಿಯ ಕಡೆಗೆ ಹೋಗಿ ನಿಂತರು. ಅಮ್ಮ ನನ್ನ ಕಾಲು ಬಿಡದೆ, ಮಗಳಿಗೆ ಬಿಸಿನೀರು ತಾ ಎಂದರು.